ಬೆಳಗಾವಿಯಲ್ಲಿ ಊಟಕ್ಕೆ ಎಲ್ಲಿ ಹೋಗಬೇಕು: ಯಾವ ಹೊತ್ತಿಗೆ, ಯಾರ ಜೊತೆಗೆ, ಯಾವ ಅಡುಗೆಮನೆ?

ಅಥಣಿ, ರಾಮದುರ್ಗ, ಸವದತ್ತಿಗಳ ಕಡೆಯಿಂದ ಆಸ್ಪತ್ರೆಯ ಕೆಲಸಕ್ಕೋ, ಮದುವೆಯ ಜವಳಿಗೋ, ಮಕ್ಕಳ ಕಾಲೇಜು ಪ್ರವೇಶಕ್ಕೋ ಬೆಳಗಾವಿಗೆ ಬರುವ ನಮ್ಮ ಬಂಧುಗಳು ಬಸ್ಸಿನಿಂದ ಇಳಿಯುವ ಮೊದಲೇ ಫೋನ್ ಮಾಡಿ ಕೇಳುವ ಮಾತು ಒಂದೇ: "ಊಟಕ್ಕ ಚಲೋ ಹೋಟೆಲ್ ಯಾವುದೈತಿ?" ಇಪ್ಪತ್ತು ವರ್ಷಗಳಿಂದ ಟಿಳಕವಾಡಿಯಲ್ಲಿ ನೆಲೆಸಿರುವ ನಾನು ಮೊದಮೊದಲು ನನಗೆ ಹಿಡಿಸಿದ ಎರಡು ಮೂರು ಹೆಸರುಗಳನ್ನು ಹೇಳಿ ಮುಗಿಸುತ್ತಿದ್ದೆ. ಈಗ ಹೆಸರು ಹೇಳುವ ಮುನ್ನ ಅವರನ್ನೇ ಎರಡು ಪ್ರಶ್ನೆ ಕೇಳುತ್ತೇನೆ. ಎಷ್ಟು ಗಂಟೆಗೆ ಊಟಕ್ಕೆ ಕೂಡುತ್ತೀರಿ? ಜೊತೆಯಲ್ಲಿ ಯಾರ್ಯಾರಿದ್ದಾರೆ?

ಈ ಎರಡು ಪ್ರಶ್ನೆಗಳಿಗೆ ಕಾರಣ ಊರಿನ ಸ್ವಭಾವದಲ್ಲಿಯೇ ಇದೆ. ಬೆಳಗಾವಿ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಉತ್ತರಕ್ಕೆ ಕೊಲ್ಹಾಪುರ, ಪಶ್ಚಿಮಕ್ಕೆ ಘಟ್ಟ ಇಳಿದರೆ ಗೋವಾ, ಪೂರ್ವಕ್ಕೆ ಜೋಳದ ಬಯಲುಸೀಮೆ, ಊರಿನ ನಡುವೆಯೇ ಸೇನೆಯ ದಂಡುಪ್ರದೇಶ, ಅಂದರೆ ಕ್ಯಾಂಪ್. ಹೀಗಾಗಿ ಇಲ್ಲಿ ರೊಟ್ಟಿಯ ಖಾನಾವಳಿ, ಉಡುಪಿ ಹೋಟೆಲು, ಮರಾಠಿ ಮಿಸಳದ ಅಂಗಡಿ, ಸಾವಜಿ ಖಾನಾವಳಿ, ಕ್ಯಾಂಪಿನ ಬಿರಿಯಾನಿ ಹೋಟೆಲು, ಮೀನಿನ ಥಾಲಿಯ ಮನೆಗಳು ಒಂದೇ ಪೇಟೆಯಲ್ಲಿ ಅಕ್ಕಪಕ್ಕದಲ್ಲಿವೆ. ಇವುಗಳಲ್ಲಿ ಪ್ರತಿಯೊಂದರ ಒಲೆಗೂ ಅದರದೇ ಆದ ಹೊತ್ತು ಇದೆ. ಆ ಹೊತ್ತಿನಲ್ಲಿ ಹೋದರೆ ಸಾಧಾರಣ ಹೋಟೆಲಿನಲ್ಲಿಯೂ ಒಳ್ಳೆಯ ಊಟ ಸಿಗುತ್ತದೆ; ಹೊತ್ತು ಮೀರಿ ಹೋದರೆ ಹೆಸರಾಂತ ಹೋಟೆಲಿನಲ್ಲಿಯೂ ತಣಿದದ್ದನ್ನೋ ಮತ್ತೆ ಕಾಯಿಸಿದ್ದನ್ನೋ ತಿನ್ನಬೇಕಾಗುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಸೋದರಮಾವನ ಹಸಿವಿನಿಂದ. ಕಣ್ಣಿನ ತಪಾಸಣೆಗೆಂದು ಬಂದಿದ್ದ ಅವರ ಸರದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ ನಾಲ್ಕು ಗಂಟೆಯಾಗಿತ್ತು. ಊರಿನವರೆಲ್ಲ ಹೊಗಳುವ ಒಂದು ಖಾನಾವಳಿಗೆ ಅವರನ್ನು ಕರೆದುಕೊಂಡು ಹೋದೆ. ಬಂದ ರೊಟ್ಟಿಗಳು ಒಂದು ಗಂಟೆಗೆ ಬಡಿದು ಒಂದರ ಮೇಲೊಂದು ಒಟ್ಟಿದ್ದವು. ಅಂಚು ಬಿರುಸಾಗಿ, ನಡುವೆ ಬೆವರಿ ಜಿಗುಟಾಗಿದ್ದವು. ಎಣಗಾಯಿಯ ರಸ ಬತ್ತಿ ಎಣ್ಣೆ ಮಾತ್ರ ಮೇಲೆ ನಿಂತಿತ್ತು. ಹಲ್ಲು ಸಡಿಲಾಗಿದ್ದ ಮಾವ ಅರ್ಧ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದು, "ಸಾಕೋ ತಮ್ಮಾ, ಹಸಿವಿಲ್ಲ" ಎಂದು ಎದ್ದರು. ಬೆಳಗಿನ ಆರು ಗಂಟೆಯಿಂದ ಅವರು ಚಹಾ ಬಿಟ್ಟು ಬೇರೇನೂ ತೆಗೆದುಕೊಂಡಿರಲಿಲ್ಲ. ಆ ಖಾನಾವಳಿಯ ಅಡುಗೆ ಕೆಟ್ಟದ್ದಲ್ಲ. ನಾನು ಹೋದ ಹೊತ್ತು ಅದರ ಹೊತ್ತಾಗಿರಲಿಲ್ಲ. ಅದೇ ನಾಲ್ಕು ಗಂಟೆಗೆ ಪಕ್ಕದ ಉಡುಪಿ ಹೋಟೆಲಿಗೆ ಹೋಗಿದ್ದರೆ ಅವರಿಗೆ ಬಿಸಿ ಇಡ್ಲಿ ಸಿಗುತ್ತಿತ್ತು.

ಹಾಗಾಗಿ ಮೊದಲು ಖಾನಾವಳಿಯ ಮಾತು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಅದಕ್ಕಾಗಿಯೇ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ, ನಾದಿ, ಕೈಯಿಂದ ಬಡಿದು ಹಂಚಿಗೆ ಹಾಕುತ್ತಾರೆ. ಮೇಲೆ ನೀರು ಸವರಿ, ತಿರುವಿ ಹಾಕಿ ಉಬ್ಬಿಸುತ್ತಾರೆ. ಹೀಗೆ ಉಬ್ಬಿದ ರೊಟ್ಟಿಯ ಮೃದುತನ ಕೆಲವೇ ನಿಮಿಷಗಳದ್ದು. ತಣಿಯುತ್ತಿದ್ದಂತೆ ಅದು ಬಿಗಿಯಾಗುತ್ತದೆ, ಮತ್ತೆ ಕಾಯಿಸಿದರೆ ಮುರಿಯುತ್ತದೆ. ಆದ್ದರಿಂದ ಬಿಸಿ ರೊಟ್ಟಿ ಬೇಕೆನ್ನುವವರು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ರಾತ್ರಿಯಾದರೆ ಎಂಟರಿಂದ ಒಂಬತ್ತೂವರೆಯೊಳಗೆ ಹೋಗಬೇಕು. ಬಾಗಿಲಲ್ಲಿ ನಿಂತು ಕಿವಿಗೊಟ್ಟರೆ ಸಾಕು: ರೊಟ್ಟಿ ಬಡಿಯುವ ಸದ್ದು ಕೇಳಿದರೆ ಒಳಗೆ ಹೋಗಿ, ಕೇಳದಿದ್ದರೆ ಗಲ್ಲೆಯ ಮೇಲಿರುವವರನ್ನು "ಬಿಸಿ ರೊಟ್ಟಿ ಬಡಿಯಾಕತ್ತಾರೇನ್ರಿ?" ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಕಡೆ "ಹತ್ತು ನಿಮಿಷ ಕೂಡ್ರಿ, ಬಡೀತಾರ" ಎಂಬ ಪ್ರಾಮಾಣಿಕ ಉತ್ತರ ಸಿಗುತ್ತದೆ. ಆ ಹತ್ತು ನಿಮಿಷ ಕಾಯುವುದು ಒಳ್ಳೆಯದು.

ಎರಡು ಖಾನಾವಳಿಗಳ ನಡುವೆ ಆಯ್ಕೆ ಮಾಡಬೇಕಾದಾಗ ನಾನು ತಟ್ಟೆಯಲ್ಲಿರುವ ಪಲ್ಯೆಗಳ ಸಂಖ್ಯೆಯನ್ನು ಎಣಿಸುವುದಿಲ್ಲ, ಹಸಿಯದನ್ನು ನೋಡುತ್ತೇನೆ. ಸವತಿಕಾಯಿ, ಉಳ್ಳಾಗಡ್ಡಿ, ಮೆಂತ್ಯದ ಎಲೆ, ಮೂಲಂಗಿಯ ಹೋಳು ಇವು ಆಗತಾನೆ ಹೆಚ್ಚಿದಂತಿದ್ದರೆ ಆ ಅಡುಗೆಮನೆ ಆ ದಿನದ ಸಂತೆಯೊಂದಿಗೆ ಸಂಪರ್ಕದಲ್ಲಿದೆ ಎಂದು ತಿಳಿಯಬಹುದು. ಎರಡನೆಯದಾಗಿ ಹಿಂಡಿಗಳು, ಅಂದರೆ ಚಟ್ನಿಪುಡಿಗಳು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಹಿಂಡಿಗಳನ್ನು ಮನೆಯಲ್ಲಿಯೇ ಕುಟ್ಟುವ ಖಾನಾವಳಿಯಲ್ಲಿ ಅವುಗಳ ವಾಸನೆ ಮೂರು ಬಗೆಯಾಗಿರುತ್ತದೆ. ಹಳೆಯದಾದ ಪುಡಿಯಲ್ಲಿ ಮೂರಕ್ಕೂ ಒಂದೇ ಕಮಟು. ಎಣ್ಣೆಕಾಳುಗಳ ಪುಡಿ ಬೇಗ ಕಮಟುವುದರಿಂದ ಈ ಪರೀಕ್ಷೆ ತಪ್ಪುವುದಿಲ್ಲ. ಎಣಗಾಯಿ, ಮಡಕಿಕಾಳಿನ ಪಲ್ಯೆ, ಜುಣಕ ಎಲ್ಲ ಕಡೆಯೂ ಇರುತ್ತವೆ. ಅವುಗಳಲ್ಲಿ ಜುಣಕವೊಂದನ್ನು ಮಾತ್ರ ಹೊಸದಾಗಿ ಮಾಡಿಸಿಕೊಳ್ಳುವುದು ಸುಲಭ, ಏಕೆಂದರೆ ಕಡಲೆಹಿಟ್ಟಿನ ಅಡುಗೆಗೆ ಹೆಚ್ಚು ಹೊತ್ತು ಬೇಡ.

ಖಾನಾವಳಿಗೆ ಕರೆದೊಯ್ಯಬಾರದ ಅತಿಥಿಗಳೂ ಇದ್ದಾರೆ. ಶೇಂಗಾ ಆಗದವರು ಇಲ್ಲಿ ಬಹಳ ಎಚ್ಚರದಿಂದಿರಬೇಕು: ಹಿಂಡಿಯಲ್ಲಿ ಮಾತ್ರವಲ್ಲ, ಎಣಗಾಯಿಯ ಮಸಾಲೆಯಲ್ಲಿ, ಕೆಲವೆಡೆ ಪಚಡಿಯಲ್ಲಿಯೂ ಶೇಂಗಾ ಪುಡಿ ಇರುತ್ತದೆ, ಹುರಿಯುವುದಕ್ಕೆ ಶೇಂಗಾ ಎಣ್ಣೆಯನ್ನೇ ಬಳಸುವವರೂ ಇದ್ದಾರೆ. ಗೋಧಿ ಆಗದವರಿಗೆ ಜೋಳದ ರೊಟ್ಟಿ ಹಿತವೆಂದು ತೋರಿದರೂ ಅದೇ ಹಂಚಿನ ಮೇಲೆ ಚಪಾತಿಯನ್ನೂ ಬೇಯಿಸಿರುವ ಸಾಧ್ಯತೆಯನ್ನು ಮರೆಯಬಾರದು. ತೀವ್ರ ತೊಂದರೆ ಇರುವವರು ಕೇಳಿಯೇ ಕೂಡಬೇಕು.

ಜೈನ ಬಂಧುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು, ನಮ್ಮ ಜಿಲ್ಲೆಯಲ್ಲಿ ಅದು ದಿನನಿತ್ಯದ್ದು. ವ್ರತ ಪಾಲಿಸುವವರು ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಡ್ಡೆಗೆಣಸುಗಳನ್ನು ತಿನ್ನುವುದಿಲ್ಲ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ಖಾನಾವಳಿಯ ಸಂಜೆಯ ಒಲೆ ಹೊತ್ತುವುದೇ ಅವರ ಊಟ ಮುಗಿಯಬೇಕಾದ ಹೊತ್ತಿಗೆ. ಅಂಥವರನ್ನು ಸಂಜೆ ಐದರ ಸುಮಾರಿಗೆ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ, ಸಾದಾ ದೋಸೆ ಅಥವಾ ಇಡ್ಲಿಯನ್ನು ಕಾಯಿಚಟ್ನಿಯೊಂದಿಗೆ ಕೊಡಿಸಿ; ಮಸಾಲೆ ದೋಸೆಯಲ್ಲಿ ಬಟಾಟೆಯ ಜೊತೆ ಉಳ್ಳಾಗಡ್ಡಿಯೂ ಇರುತ್ತದೆ, ಸಾಂಬಾರಿನಲ್ಲಿಯೂ ಹಾಕುವ ಕಡೆಗಳಿವೆ. ಮಾಣಿಯನ್ನು ಕೇಳುವುದಕ್ಕಿಂತ ಅಡುಗೆಯವರಿಂದ ಕೇಳಿಸಿಕೊಂಡು ಬರಲು ಹೇಳುವುದು ಲೇಸು.

ಉಡುಪಿ ಹೋಟೆಲುಗಳ ದೊಡ್ಡ ಗುಣ ಅವುಗಳ ತವೆ ಬೆಳಗಿನಿಂದ ರಾತ್ರಿಯವರೆಗೆ ತಣ್ಣಗಾಗದಿರುವುದು. ಖಾನಾವಳಿಯ ಒಲೆ ಆರಿರುವ ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗಿನ ಹೊತ್ತಿಗೆ, ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಯಲ್ಲಿದ್ದಾಗ, ಬಸ್ಸಿಗೆ ಅರ್ಧ ಗಂಟೆ ಮಾತ್ರ ಉಳಿದಿರುವಾಗ ಇದಕ್ಕಿಂತ ನೆಮ್ಮದಿಯ ಜಾಗ ಇನ್ನೊಂದಿಲ್ಲ. ಆದರೆ ಅಲ್ಲಿ ಮಧ್ಯಾಹ್ನದ ಪೂರ್ತಿ ಊಟಕ್ಕೆ ಕೂಡುವುದನ್ನು ನಾನು ನಮ್ಮ ಕಡೆಯವರಿಗೆ ಹೇಳುವುದಿಲ್ಲ. ಬೆಲ್ಲದ ಸುಳಿವಿರುವ ಸಾಂಬಾರು, ರಸಂ, ಅನ್ನವೇ ಪ್ರಧಾನವಾದ ಆ ಊಟ ಕರಾವಳಿಯವರಿಗೆ ಮನೆಯ ಊಟ. ಕಟ್ಟಿನ ಸಾರಿನ ಖಾರಕ್ಕೆ ಒಗ್ಗಿದ ನಾಲಗೆಗೆ ಅದು ಸಪ್ಪೆಯಾಗಿ ತೋರಿ, ಒಳ್ಳೆಯ ಅಡುಗೆಗೂ ಅನ್ಯಾಯವಾಗುತ್ತದೆ. ಹಿಟ್ಟಿನ ಹುಳಿ ಹದವಾಗಿರುವ ಬೆಳಗಿನ ದೋಸೆಯೇ ಅಲ್ಲಿಯ ಶ್ರೇಷ್ಠ ವಸ್ತು.

ಬೆಳಗಿನ ತಿಂಡಿಗೆ ಅದರ ಎದುರಾಳಿ ಮಿಸಳ. ಮೊಳಕೆ ಬಂದ ಮಡಕಿಯ ಉಸಳಿ, ಅದರ ಮೇಲೆ ಫರಸಾಣ ಎಂಬ ಕುರುಕು ತಿನಿಸು, ಹೆಚ್ಚಿದ ಉಳ್ಳಾಗಡ್ಡಿ, ನಿಂಬೆ, ಪಕ್ಕದಲ್ಲಿ ಪಾವ್, ಮೇಲಿನಿಂದ ಸುರಿಯುವ ಕಟ್ ಎಂಬ ಕೆಂಪು ಖಾರದ ರಸ. ಗಣಪತಿ ಗಲ್ಲಿ, ಖಡೇಬಜಾರಗಳ ಖರೀದಿಗೆಂದು ಬೇಗ ಬಂದವರು ಹನ್ನೊಂದರೊಳಗೆ ಇದನ್ನು ಮುಗಿಸಿಕೊಳ್ಳಬೇಕು. ಹೊತ್ತೇರಿದಂತೆ ಕಟ್ ಕುದಿದು ಕುದಿದು ಖಾರವೂ ಉಪ್ಪೂ ಹೆಚ್ಚುತ್ತದೆ. ಖಾರ ತಾಳದವರು ಕಟ್ ಅನ್ನು ಬೇರೆ ಬಟ್ಟಲಿನಲ್ಲಿ ಕೇಳಿ ಪಡೆಯಬಹುದು; ಫರಸಾಣ ಮೆತ್ತಗಾಗದಿರುವುದಕ್ಕೂ ಅದೇ ಉಪಾಯ.

ಮಾಂಸದೂಟಕ್ಕೆ ಬಂದರೆ ಆಯ್ಕೆ ನಿಜವಾಗಿಯೂ ಕಷ್ಟವಾಗುತ್ತದೆ, ಏಕೆಂದರೆ ಬೆಳಗಾವಿಯಲ್ಲಿ ಮೂರು ಬೇರೆ ಬೇರೆ ಪರಂಪರೆಗಳು ಪೂರ್ಣ ಬಲದಿಂದ ಉಳಿದುಕೊಂಡಿವೆ. ಸಾವಜಿ ಎಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಅಡುಗೆ. ಹುಬ್ಬಳ್ಳಿ, ಗದಗ-ಬೆಟಗೇರಿಗಳಂತೆ ಇಲ್ಲಿಯೂ ಅದರ ಖಾನಾವಳಿಗಳಿವೆ. ಒಣಕೊಬ್ಬರಿ, ಗಸಗಸೆ, ಹುರಿದ ಮಸಾಲೆಗಳ ಮೇಲೆ ನಿಂತ ದಟ್ಟ ರಸ, ಮೇಲೆ ತೇಲುವ ಕೆಂಪು ಎಣ್ಣೆ, ಜೊತೆಗೆ ಖೀಮಾ ಉಂಡೆ; ಇದನ್ನು ರೊಟ್ಟಿಯೊಂದಿಗೇ ತಿನ್ನಬೇಕು. ಕೊಲ್ಹಾಪುರಿ ಥಾಲಿಯ ವಿಶೇಷವೆಂದರೆ ಒಂದೇ ಮಾಂಸದ ಎರಡು ರಸ: ಮೆಣಸಿನಕಾಯಿಯ ತಾಂಬಡಾ ರಸ್ಸಾ, ತೆಂಗಿನ ಹಾಲಿನ ಪಾಂಢರಾ ರಸ್ಸಾ. ಖಾರ ತಿನ್ನುವವರೂ ತಿನ್ನದವರೂ ಒಂದೇ ಮೇಜಿಗೆ ಕೂಡಬೇಕಾದಾಗ ನಾನು ಹೆಚ್ಚಾಗಿ ಇದನ್ನೇ ಆರಿಸುತ್ತೇನೆ, ಏಕೆಂದರೆ ಬಿಳಿ ರಸ ಮಕ್ಕಳಿಗೂ ಹಿಡಿಸುತ್ತದೆ. ಬಿರಿಯಾನಿ ಮೂರನೆಯದು. ಬೆಳಗಾವಿಯ ನಿಯಾಜ್ ಹೋಟೆಲಿನ ಬಿರಿಯಾನಿಯ ಹೆಸರು ಈ ಊರನ್ನು ದಾಟಿ ಹೋಗಿದೆ. ಕ್ಯಾಂಪಿನ ಚಿಕ್ಕ ಹೋಟೆಲುಗಳಲ್ಲಿಯೂ ಕೈಪಳಗಿದ ಅಡುಗೆಯವರಿದ್ದಾರೆ.

ಮೂರರಲ್ಲಿ ನನ್ನ ಮನಸ್ಸು ಸಾವಜಿಯ ಕಡೆಗೆ ವಾಲುತ್ತದೆ ಎಂಬುದನ್ನು ಮುಚ್ಚಿಡಲಾರೆ, ಆದರೂ ಅದು ಹೊಸಬರಿಗೆ ಹೇಳುವ ಊಟವಲ್ಲ. ಮುಂದೆ ಪ್ರಯಾಣವಿರುವವರು, ಹೊಟ್ಟೆ ಸೂಕ್ಷ್ಮವಿರುವವರು ರಾತ್ರಿಯ ಬದಲು ಮಧ್ಯಾಹ್ನ ಹೋಗುವುದು ಒಳ್ಳೆಯದು. ಬಿರಿಯಾನಿಯಲ್ಲಿ ಹೊತ್ತಿನ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ದಮ್ ಕಟ್ಟಿದ ಹಂಡೆಯ ಬಾಯಿ ತೆಗೆದ ಮೊದಲ ಒಂದು ಗಂಟೆಯಲ್ಲಿ ಅಕ್ಕಿ ಬಿಡಿಬಿಡಿಯಾಗಿ, ಮಾಂಸ ರಸ ಹಿಡಿದುಕೊಂಡಿರುತ್ತದೆ. ಹಂಡೆಯ ತಳ ಕಾಣುವ ಹೊತ್ತಿಗೆ ಒಣಗಿದ ಅನ್ನ, ಒಡೆದ ಮೂಳೆ. "ಹೊಸಾ ಹಂಡಿ ಎಷ್ಟಕ್ಕ ತಗೀತೀರಿ?" ಎಂದು ಕೇಳಿಕೊಂಡು ಆ ಹೊತ್ತಿಗೆ ಹೋಗಿ.

ಬಣ್ಣದ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ರಸ ಕೆಂಪಗಿದೆ ಎಂದಮಾತ್ರಕ್ಕೆ ಅದು ಬೆಂಕಿಯಂಥ ಖಾರವೆಂದು ಭಾವಿಸಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣವನ್ನು ಹೆಚ್ಚು, ಖಾರವನ್ನು ಕಡಿಮೆ ಕೊಡುತ್ತದೆ. ಆದರೆ ಮೆಣಸಿನಕಾಯಿಯ ಕೆಂಪು ಎಣ್ಣೆಯೊಂದಿಗೆ ಬೆರೆತು ಕಂದಿಗೆ ತಿರುಗುತ್ತದೆ. ತಟ್ಟೆಗೂ ಬೆರಳಿಗೂ ಹತ್ತಿ ತೊಳೆದರೂ ಹೋಗದ ಹೊಳೆಯುವ ಕೆಂಪು ಬೇರೆಯದು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯಲ್ಲಿ, ಅದೇ ವರ್ಷದ ಜೂನ್‌ನಲ್ಲಿ ಕಬಾಬಿನಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಮಕ್ಕಳು ಹಟ ಹಿಡಿಯುವ ತಿನಿಸುಗಳು ಇವೇ ಆಗಿರುವುದರಿಂದ, ಕಬಾಬು ಕೆಂಡದಂತೆ ಹೊಳೆಯುವ ಅಂಗಡಿಯನ್ನು ನಾನು ಎಷ್ಟೇ ಗಿರಾಕಿಗಳಿದ್ದರೂ ಬಿಟ್ಟು ಮುಂದೆ ನಡೆಯುತ್ತೇನೆ.

ಮಾಂಸದೂಟಕ್ಕೆ ಗಡಿಯಾರದಷ್ಟೇ ಪಂಚಾಂಗವೂ ಮುಖ್ಯ. ಶ್ರಾವಣದಲ್ಲಿ ಊರಿನ ಅರ್ಧದಷ್ಟು ಮನೆಗಳು ಮಾಂಸ ಬಿಟ್ಟಿರುತ್ತವೆ ಎಂದರೂ ನಡೆದೀತು. ಉಳಿದ ತಿಂಗಳುಗಳಲ್ಲಿಯೂ ಸೋಮವಾರ, ಅಮಾವಾಸ್ಯೆಗಳಂದು ಗಿರಾಕಿ ಕಡಿಮೆ. ಗಿರಾಕಿ ಕಡಿಮೆಯಾದಲ್ಲಿ ಅಡುಗೆ ನಿಲ್ಲುತ್ತದೆ, ಅಂದರೆ ಹಳೆಯದಾಗುತ್ತದೆ. ಬುಧವಾರ ಮತ್ತು ರವಿವಾರ ಹಂಡೆ ಬೇಗ ಖಾಲಿಯಾಗುವುದರಿಂದ ಆ ದಿನಗಳನ್ನೇ ಆರಿಸಿಕೊಳ್ಳುವುದು ಸರಿ. ಮೀನಿನ ಥಾಲಿಗೂ ಇದೇ ನ್ಯಾಯ. ಗೋವಾ, ಕಾರವಾರಗಳ ಮೀನು ಕೆಲವೇ ಗಂಟೆಗಳಲ್ಲಿ ಘಟ್ಟ ಹತ್ತಿ ಬರುವುದರಿಂದ ಬೆಳಗಾವಿ ಬಯಲುಸೀಮೆಯ ಬೇರೆ ಊರುಗಳಿಗಿಂತ ಪುಣ್ಯವಂತ ಊರು. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ತಟ್ಟೆಗೆ ಬರುವ ಸುರಮಾಯಿ ಮೀನಿನಲ್ಲಿ ಹೆಚ್ಚಿನದು ಮಂಜಿನ ಪೆಟ್ಟಿಗೆಯಲ್ಲಿ ಬಹುಕಾಲ ಮಲಗಿದ್ದದ್ದು. ಮೀನಿನ ಆಸೆಯನ್ನು ಆಗಸ್ಟಿಗೆ ಮುಂದೂಡಿ. ಜಿಟಿಜಿಟಿ ಮಳೆಯ ಆ ದಿನಗಳಿಗೆ ಬಿಸಿ ರೊಟ್ಟಿ, ಜುಣಕಗಳೇ ಒಪ್ಪುತ್ತವೆ.

ಹೆದ್ದಾರಿಯ ಧಾಬಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಹನ ನಿಲ್ಲಿಸಲು ಜಾಗ, ಮಕ್ಕಳಿಗೆ ಓಡಾಡಲು ಬಯಲು, ರಾತ್ರಿ ಹನ್ನೊಂದರವರೆಗೆ ಊಟ ಇವು ಅಲ್ಲಿಯ ಅನುಕೂಲಗಳು. ಊಟಕ್ಕಾಗಿಯೇ ಊರಿನಿಂದ ಅಷ್ಟು ದೂರ ಹೋಗಬೇಕಾದ ಕಾರಣ ನನಗೆ ಕಂಡಿಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಮಾತ್ರ ಊರೊಳಗಿನ ಹೆಸರಾಂತ ಹೋಟೆಲುಗಳಲ್ಲಿ ಜಾಗ ಸಿಗುವುದು ಕಷ್ಟ. ಆಗ ಶಹಾಪುರ, ವಡಗಾವಿಗಳ ಕಡೆಯ ಚಿಕ್ಕ ಖಾನಾವಳಿಗಳಿಗೆ ಹೋಗಿ.

ಇನ್ನು ಹಣದ ಲೆಕ್ಕ. ಹಲವರು ದೊಡ್ಡ ವಸತಿಗೃಹದ ಹವಾನಿಯಂತ್ರಿತ ಊಟದ ಮನೆಗೂ ಪೇಟೆಯ ಫ್ಯಾಮಿಲಿ ರೆಸ್ಟೋರೆಂಟಿಗೂ ಇರುವ ವ್ಯತ್ಯಾಸವನ್ನು ದರಪಟ್ಟಿಯಲ್ಲಿ ಮಾತ್ರ ನೋಡುತ್ತಾರೆ. ಸಾಮಾನ್ಯ ರೆಸ್ಟೋರೆಂಟುಗಳಲ್ಲಿ, ಎಸಿ ಇರಲಿ ಬಿಡಲಿ, ಜಿಎಸ್‌ಟಿ ಶೇಕಡಾ 5. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ವಸತಿಗೃಹದೊಳಗಿನ ರೆಸ್ಟೋರೆಂಟಿನಲ್ಲಿ ಶೇಕಡಾ 18. ಎಂಟು ಜನರ ಊಟದ ಮೊತ್ತ 3,000 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯ ಕಡೆ ನೀವು ಕೊಡುವುದು 3,150, ಎರಡನೆಯ ಕಡೆ 3,540. ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿಯಲ್ಲಿ ನೋಂದಾಯಿಸಿಕೊಂಡ ಚಿಕ್ಕ ಹೋಟೆಲಿನವರು ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ತೆಗೆದುಕೊಳ್ಳುವಂತೆಯೇ ಇಲ್ಲ, ಆದ್ದರಿಂದ ಅಂಥ ಕಡೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಕೇಳುವ ಹಕ್ಕು ನಿಮಗಿದೆ.

ಬಿಲ್ಲಿನ ಕೊನೆಯಲ್ಲಿ "ಸರ್ವಿಸ್ ಚಾರ್ಜ್" ಎಂಬ ಸಾಲು ಇದ್ದರೆ ಅದು ತೆರಿಗೆಯಲ್ಲ. ಅದನ್ನು ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ನನ್ನ ತಂಗಿಯ ನಿಶ್ಚಿತಾರ್ಥದ ಮರುದಿನ ಬೀಗರನ್ನು ಕರೆದುಕೊಂಡು ಹೋಗಿದ್ದ ಒಂದು ದುಬಾರಿ ಜಾಗದಲ್ಲಿ ಇಂಥ ಸಾಲನ್ನು ಕಂಡು, ಬೀಗರ ಎದುರಿಗೆ ವಾದ ಬೇಡವೆಂದು ಕೊಟ್ಟು ಬಂದೆ. ಹಾಗೆ ಮಾಡಬಾರದಿತ್ತು ಎಂದು ಇಂದಿಗೂ ಅನಿಸುತ್ತದೆ. ಅತಿಥಿಗಳಿಗೆ ಮುಜುಗರವಾಗದಂತೆ ಗಲ್ಲೆಯ ಬಳಿಗೆ ಹೋಗಿ ಮೆಲ್ಲಗೆ ತೆಗೆಸಬಹುದು. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಡಿಸಿದ ಹುಡುಗನಿಗೆ ಕೊಡಬೇಕೆನಿಸಿದ್ದನ್ನು ಅವನ ಕೈಗೇ ಕೊಡಿ.

ಅದೇ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಿ. 2022ರ ಜನವರಿ 1ರಿಂದ ಬಿಲ್ಲಿನಲ್ಲಿ ಅದನ್ನು ಮುದ್ರಿಸುವುದು ಕಡ್ಡಾಯ. ಸಂಖ್ಯೆ ಇದ್ದಮಾತ್ರಕ್ಕೆ ಅಡುಗೆಮನೆ ಸ್ವಚ್ಛವಾಗಿದೆ ಎಂದು ಅರ್ಥವಲ್ಲ, ಆದರೆ ಊಟದಿಂದ ತೊಂದರೆಯಾದರೆ ದೂರಿಗೆ ಅದೇ ಆಧಾರ. ಸ್ವಚ್ಛತೆಯನ್ನು ಅಳೆಯಲು ನಾನು ಕೈತೊಳೆಯುವ ಜಾಗಕ್ಕೆ ಮೊದಲು ಹೋಗುತ್ತೇನೆ. ಅಲ್ಲಿ ಸಾಬೂನು, ಒಣಗಿದ ನೆಲ ಇದ್ದರೆ ಕೂಡುತ್ತೇನೆ.

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮನೆಗೆ ತರಿಸಿಕೊಂಡವರ ಅಭಿಪ್ರಾಯವನ್ನೂ ಅಲ್ಲಿಯೇ ಕುಳಿತು ಉಂಡವರ ಅಭಿಪ್ರಾಯವನ್ನೂ ಬೇರೆ ಬೇರೆಯಾಗಿ ಓದಬೇಕು. ಡಬ್ಬಿಯಲ್ಲಿ ಅರ್ಧ ಗಂಟೆ ಬೆವರಿದ ರೊಟ್ಟಿಗೆ ಸಿಕ್ಕ ಒಂದು ನಕ್ಷತ್ರ ಆ ಖಾನಾವಳಿಯ ಕೈರುಚಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಿರಿಯಾನಿ ಪಾರ್ಸೆಲನ್ನು ತಾಳುತ್ತದೆ, ರೊಟ್ಟಿ, ದೋಸೆ ತಾಳುವುದಿಲ್ಲ.

ಊರಿಗೆ ಮರಳುವವರಿಗೆ ಕಟ್ಟಿಸಿಕೊಡಲು ತಕ್ಕದ್ದು ಕಡಕ್ ರೊಟ್ಟಿ ಮತ್ತು ಕುಂದಾ. ತೇವವೆಲ್ಲ ಆರಿರುವ ತೆಳ್ಳನೆಯ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಕುಂದಾ ಹಾಗಲ್ಲ. ಹಾಲನ್ನು ಬತ್ತಿಸಿ, ಸಕ್ಕರೆ ಸೇರಿಸಿ, ಕಂದುಬಣ್ಣಕ್ಕೆ ಬರುವವರೆಗೆ ಕಾಯಿಸಿದ ಹಾಲಿನ ಸಿಹಿ ಅದು. ಒಳ್ಳೆಯದಾದರೆ ನಾಲಗೆಗೆ ಸಣ್ಣ ಹರಳು ಹರಳಾಗಿ ತಾಗುತ್ತದೆ, ಸಕ್ಕರೆ ಸುಟ್ಟ ಕಹಿ ಇರುವುದಿಲ್ಲ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂಬ ತಾರೀಖು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಚೀಟಿ ಇಲ್ಲದಿದ್ದರೆ ಎಂದು ಮಾಡಿದ್ದೆಂದು ಕೇಳಿ, ಕಾಲು ಕಿಲೋ ಮಾತ್ರ ತೆಗೆದುಕೊಳ್ಳಿ, ಬಿಸಿಲಿನ ದಿನವಾದರೆ ಬಸ್ಸಿನ ಕಿಟಕಿಯ ಕಡೆ ಇಡಬೇಡಿ. ಮಾವ ಕಳೆದ ಬಾರಿ ಬಂದಾಗ ತಪಾಸಣೆಗೆ ಮೊದಲೇ, ಹನ್ನೆರಡೂ ಮುಕ್ಕಾಲಕ್ಕೆ, ಅದೇ ಖಾನಾವಳಿಗೆ ಹೋಗಿ ಎರಡು ಬಿಸಿ ರೊಟ್ಟಿ ಉಂಡು, ಮೂರನೆಯದಕ್ಕೆ ಕೈ ಚಾಚಿದರು. ಅವರ ಚೀಲದಲ್ಲಿ ಆ ದಿನ ಬೆಳಿಗ್ಗೆ ಕಾಯಿಸಿದ ಕುಂದಾದ ಪೊಟ್ಟಣ ಆಗಲೇ ಇತ್ತು.